ಹರಕೆ ಹೊತ್ತು ತಂದ ಹಸಿವು

ಹಸಿವು ಮನುಷ್ಯನಿಗೆ ದೊರೆತ ಮೊದಲ ಗುರು, ಅದರಷ್ಟು ವಿನಯ ಕಲಿಸುವ ವಿದ್ಯೆ ಇನ್ನೊಂದಿಲ್ಲ ಎಂದು ಗಂಭೀರವಾಗಿ ಬರೆಯುವ ರೂಢಿ ನಮ್ಮಲ್ಲಿದೆ. ಹಾಗೆ ಬರೆದವರೆಲ್ಲ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡ ಮೇಲೆಯೇ ಬರೆಯಲು ಕುಳಿತವರು ಎಂಬುದು ನನ್ನ ಬಲವಾದ ಗುಮಾನಿ. ನಮ್ಮ ಮನೆಗೆ ಹಸಿವು ಬಂದದ್ದು ಮಗಳ ರೂಪದಲ್ಲಿ. ಅದೂ ನಾವೇ ಹರಕೆ ಹೊತ್ತು, ದೇವರ ಕಾಲು ಹಿಡಿದು ಕರೆಸಿಕೊಂಡದ್ದು. ಇಂಥ ಮಕ್ಕಳು ಬೇರೆ ಮನೆಗಳಲ್ಲೂ ಇರಬಹುದು. ಅಡುಗೆಮನೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾವೇನು ರಾಕ್ಷಸರೋ ಎಂದು ಯಾರೋ ತಂದೆತಾಯಿ ಮುಖ ಮುಖ ನೋಡುತ್ತ ಕುಳಿತಿರಬಹುದು. ಅವರಿಗೆ ಜೊತೆಗಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ದೇವದುರ್ಗದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿ ಗಿರಿಜಾ ಹೆರಿಗೆಗೆ ತವರೂರು ಮಸರಕಲ್ಲಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತೆಂದು ತಿಳಿದು ಹೋದಾಗ ಮನೆ ಸದ್ದಿಲ್ಲದೆ ಇತ್ತು. ಕೂಸು ಅತ್ತಿರಲಿಲ್ಲ.

“ಶಾಣ್ಯಾ ಕೂಸು ಐತಿ ಅಳಿಯಪ್ಪಾ, ಯಾರಿಗೂ ತ್ರಾಸ ಕೊಡಂಗಿಲ್ಲ” ಎಂದರು ಅತ್ತೆ ಶರಣಮ್ಮ. ಅವರ ಮುಖ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು.

ಎತ್ತಿಕೊಂಡರೆ ಕೂಸು ಒದ್ದೆ ಪಂಚೆಯಂತೆ ಕೈಯಿಂದ ಜಾರುತ್ತಿತ್ತು. ಮೊಲೆಗೆ ಹಚ್ಚಿದರೆ ತುಟಿ ಅಲ್ಲಾಡುತ್ತಿರಲಿಲ್ಲ. ಹಾಲು ಬೇಕೆಂಬ ಆಸೆಯೇ ಅದಕ್ಕಿದ್ದಂತಿರಲಿಲ್ಲ. ನೀಲಮ್ಮ ಎಂದು ಹೆಸರಿಟ್ಟೆವು, ನೀಲಿ ಎಂದು ಕರೆದೆವು. ಕರೆದರೆ ಕಣ್ಣು ತೆರೆಯುವುದಕ್ಕೂ ಅದು ಬೇಸರಪಡುತ್ತಿತ್ತು. ಗಿರಿಜಾ ಒಳಲೆಯಿಂದ ತೊಟ್ಟು ತೊಟ್ಟಾಗಿ ಹಾಲು ಬಿಡುವಳು. ಒಂದು ಒಳಲೆ ಇಳಿಯುವಷ್ಟರಲ್ಲಿ ಮುಂದಿನದರ ಹೊತ್ತಾಗಿರುತ್ತಿತ್ತು.

ದೇವದುರ್ಗದ ಆಸ್ಪತ್ರೆಯ ಪಡಸಾಲೆಯಲ್ಲಿ ನಾವು ಕಾದ ಕಾಲವನ್ನು ನೌಕರಿಗೆ ಸೇರಿಸಿದ್ದರೆ ನನಗೆ ಅಂದೇ ಬಡ್ತಿ ಸಿಗುತ್ತಿತ್ತು. ಅಲ್ಲಿಯ ಡಾಕ್ಟರು ಕೂಸಿನ ಕೈ ಎತ್ತಿ ಬಿಟ್ಟರು, ಅದು ದೊಪ್ಪೆಂದು ಬಿತ್ತು. “ಅಶಕ್ತಿ” ಎಂದು ಟಾನಿಕ್ ಬರೆದುಕೊಟ್ಟರು. ಆ ಟಾನಿಕ್ ಕುಡಿಯುವ ಶಕ್ತಿ ಇದ್ದಿದ್ದರೆ ಕೂಸಿಗೆ ಟಾನಿಕ್ಕೇ ಬೇಕಾಗುತ್ತಿರಲಿಲ್ಲ.

ಆಗ ಅತ್ತೆ ಹರಕೆ ಹೊತ್ತರು. ಮೊಹರಮ್ಮಿನಲ್ಲಿ ಫಕೀರರಾಗುವುದು ನಮ್ಮ ಕಡೆ ಜಾತಿ ಕೇಳದ ಹರಕೆ. ಕೊರಳಿಗೆ ಕೆಂಪು ದಾರದ ಲಾಡಿ ಹಾಕಿಕೊಂಡು, ಜೋಳಿಗೆ ಹಿಡಿದು, ಮನೆ ಮನೆಗೆ ಹೋಗಿ ಬೇಡಬೇಕು. ಜೋಳಿಗೆ ಹಿಡಿದು ಬಂದವರನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲ. ಜೋಳಿಗೆಗೆ ಹಾಕಿದ್ದನ್ನು ಯಾರೂ ವಾಪಸು ತೆಗೆಯುವುದಿಲ್ಲ. ವರ್ಷವಿಡೀ ಬಸವಣ್ಣನಿಗೆ ನಡೆದುಕೊಳ್ಳುವ ಅತ್ತೆ ಊರ ಪೀರಲ ದೇವರ ಮುಂದೆ ಸೆರಗೊಡ್ಡಿ, “ನನ್ನಪ್ಪಾ, ಈ ಕೂಸು ಕೈಯಾರೆ ತಗೊಂಡು ಉಣ್ಣೂ ಹಂಗ ಮಾಡು. ಐದು ಮೊಹರಮ್ಮು ಫಕೀರ ಮಾಡ್ತೀನಿ” ಎಂದು ಬೇಡಿಕೊಂಡರು.

ದೇವರು ಕೇಳಿಸಿಕೊಂಡ. ಸ್ವಲ್ಪ ಹೆಚ್ಚಾಗಿಯೇ ಕೇಳಿಸಿಕೊಂಡ.

ಅಷ್ಟರಲ್ಲಿ ನನಗೆ ಮಾನ್ವಿಗೆ ವರ್ಗವಾಗಿತ್ತು. ಅಕ್ಕಿ ವ್ಯಾಪಾರಿಗಳ ಓಣಿಯಲ್ಲಿ ಮನೆ ಹಿಡಿದೆವು. ಪಕ್ಕದ ಮನೆ ಖಾಜಾಬೀಯವರದು, ಅವರ ಯಜಮಾನರದು ಅಕ್ಕಿ ಅಂಗಡಿ. ನೀಲಿ ಎಲ್ಲ ಮಕ್ಕಳಿಗಿಂತ ಬಹಳ ತಡವಾಗಿ ಕುಳಿತಳು, ಇನ್ನೂ ತಡವಾಗಿ ನಿಂತಳು. ಮೂರನೇ ವರ್ಷ ನಡೆಯುತ್ತಿದ್ದ ಹೊತ್ತಿಗೆ ಒಂದು ಮಧ್ಯಾಹ್ನ ನಾನು ಕಚೇರಿಯಿಂದ ಊಟಕ್ಕೆ ಬಂದರೆ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ.

“ರೀ, ನೀಲಿ ರೊಟ್ಟಿ ಕಸಗೊಂಡ್ಲು!”

“ಯಾರ ಕೈಯಾಗಿಂದ?”

“ನನ್ನ ಕೈಯಾಗಿಂದರೀ! ಕಸಗೊಂಡು ಪೂರಾ ತಿಂದ್ಲು!”

ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಮಗಳು ರೊಟ್ಟಿ ಕಸಿದುಕೊಂಡಳೆಂದು ಸಕ್ಕರೆ ಹಂಚಿದ ತಂದೆ ಇಡೀ ರಾಯಚೂರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅಂದಿನಿಂದ ನಮ್ಮ ಮನೆಯಲ್ಲಿ ಊಟವೆಂದರೆ ನೀಲಿ ಉಣ್ಣುವುದನ್ನು ನಾವು ಸುತ್ತ ಕುಳಿತು ನೋಡುವುದು. ಮಸರಕಲ್ಲಿನಿಂದ ಅತ್ತೆ ಉಂಡಿ ಕಟ್ಟಿಕೊಂಡು ಬಂದು ನೋಡಿದರು. ಖಾಜಾಬೀ ಗೋಡೆಯ ಮೇಲಿಂದ ಬಟ್ಟಲು ಚಾಚುತ್ತ, “ತಿನ್ನು ಬೇಟಾ, ಇನ್ನೊಂದು ತಿನ್ನು” ಎನ್ನುವರು. ಆ ವರ್ಷದ ಮೊಹರಮ್ಮಿಗೆ ನೀಲಿಯ ಕೊರಳಿಗೆ ಲಾಡಿ ಬಿತ್ತು. ಅತ್ತೆ ಅವಳ ಕೈ ಹಿಡಿದು ಓಣಿಯ ಒಂದೊಂದೇ ಬಾಗಿಲಿಗೆ ನಿಲ್ಲಿಸಿ, ಜೋಳಿಗೆ ಹೇಗೆ ಅಗಲಿಸಿ ಹಿಡಿಯಬೇಕು, ಕಣ್ಣು ಹೇಗೆ ಮೇಲೆತ್ತಬೇಕು ಎಂದು ಕಲಿಸಿದರು. ಸಕ್ಕರೆ, ಮಾಲಿದಿ, ಚೊಂಗೆ ಎಂದು ಹಬ್ಬದ ಸಿಹಿಯೆಲ್ಲ ಬಿತ್ತು. ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿದ್ದ ಮಗು ಆ ಪಾಠವನ್ನು ಒಂದೇ ಸಲಕ್ಕೆ ಕಲಿಯಿತು.

ಹಬ್ಬ ಮುಗಿದು ಲಾಡಿ ತೆಗೆದ ಮರುದಿನ ಬೆಳಿಗ್ಗೆ ಖಾಜಾಬೀ ಕೂಗಿದರು: “ಭಾಯಿ, ನಿಮ್ಮ ಫಕೀರಮ್ಮ ಬಂದಾಳ ನೋಡ್ರಿ!” ನೀಲಿ ಜೋಳಿಗೆ ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ನಕ್ಕೆವು. ಖಾಜಾಬೀ ನಗುತ್ತಲೇ ಕೊಟ್ಟರು. ಅದರ ಮರುದಿನವೂ ಬಂದಳು. ಅದರ ಮರುದಿನವೂ.

ವರ್ಷ ವರ್ಷಕ್ಕೆ ಮಗಳು ಅಗಲವಾದಳು, ಎತ್ತರವಾಗಲಿಲ್ಲ. ಅಂಗೈ ಅಂಗಾಲು ಬೊಂಬೆಯವಂತೆ ಸಣ್ಣವಾಗಿಯೇ ಉಳಿದವು. ಓಣಿಯವರು “ಗುಮಾಸ್ತ್ರ ಮಗಳು ಪೈಲ್ವಾನ” ಎಂದರೆ ನಾನು ಮೀಸೆ ತಿರುವುತ್ತಿದ್ದೆ. ಆದರೆ ಅವಳಿಗೆ ಸಾಕು ಎಂಬುದು ಬರಲೇ ಇಲ್ಲ. ಎಮ್ಮೆಗೆ ನೆನೆಸಿಟ್ಟ ಹಿಂಡಿ ತಿಂದಳು. ಖಾಜಾಬೀಯ ಅಂಗಡಿಯಲ್ಲಿ ಹಸಿ ಅಕ್ಕಿ ತಿಂದಳು. ನಾನು ಕಾಗದ ಅಂಟಿಸಲು ಕಾಯಿಸಿಟ್ಟ ಮೈದಾ ಅಂಟನ್ನೂ ಬಿಡಲಿಲ್ಲ. ತಡೆದರೆ ನೆಲಕ್ಕೆ ಬಿದ್ದು ಹೊರಳುವಳು, ತೋಳಿನ ಚರ್ಮ ಕೆರೆದು ಕೆರೆದು ರಕ್ತ ತರುವಳು. ಶಾಲೆಯಲ್ಲಿ ಕುಳಿತಲ್ಲೇ ಗೊರಕೆ ಹೊಡೆಯುತ್ತಾಳೆ, ದಡ್ಡಿ ಎಂದು ವಾಪಸು ಕಳಿಸಿದರು. ಬಾವಿಕಟ್ಟೆಯವರೆಗೆ ನಡೆದರೆ ತುಟಿ ಕಪ್ಪಾಗುತ್ತಿತ್ತು. ಮಾನ್ವಿಯ ಡಾಕ್ಟರು ಜಂತುಹುಳವೆಂದು ಔಷಧ ಕೊಟ್ಟರು. ಮತ್ತೆ ಮತ್ತೆ ಕೊಟ್ಟರು. ಇಲ್ಲದ ಜಂತು ಎಷ್ಟು ಔಷಧಕ್ಕೂ ಸಾಯಲಿಲ್ಲ.

ನಾಲ್ಕನೆಯ ಮೊಹರಮ್ ಆದ ಮೇಲೆ ಅವಳನ್ನು ರಾಯಚೂರಿನ ಮಕ್ಕಳ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಬಸ್ಸಿನಲ್ಲಿ ಪಕ್ಕದವರು ಬುತ್ತಿ ಬಿಚ್ಚಿದರು, ಕಂಡಕ್ಟರು ಕಡಲೆಕಾಯಿ ತಿನ್ನುತ್ತಿದ್ದ. ರಾಯಚೂರು ಮುಟ್ಟುವ ಹೊತ್ತಿಗೆ ಇಬ್ಬರೂ ನೀಲಿಗೆ ಸಂಬಂಧಿಕರಾಗಿದ್ದರು.

ಡಾಕ್ಟರ ಮನೆಯ ಮುಂದಿನ ಕೋಣೆಯ ತುಂಬ ತಾಯಂದಿರು, ಎಲ್ಲರ ತೊಡೆಯ ಮೇಲೂ ಬಡಕಲು ಕೂಸುಗಳು. ನಾವು ಕುಳಿತರೆ, ಬಡವರ ಸಾಲಿನಲ್ಲಿ ಸಾಹುಕಾರ ಬಂದು ನಿಂತಂತೆ ಎಲ್ಲರೂ ನೋಡಿದರು. ಪಕ್ಕದ ಹೆಂಗಸು ಕೇಳಿದಳು:

“ಏನ್ ತಿನಸ್ತೀರವ್ವ ನಿಮ್ಮ ಹುಡುಗಿಗಿ? ನಮ್ಮದು ತುತ್ತು ಇಟ್ರ ಉಗುಳ್ತದ.”

“ನಮ್ಮದೂ ಹಂಗೇ ಇತ್ತವ್ವಾ” ಎಂದಳು ಗಿರಿಜಾ.

“ಹೌದಾ? ಮತ್ತ ಏನ್ ಮಾಡಿದ್ರಿ?”

ಅಷ್ಟರಲ್ಲಿ ನೀಲಿ ಆ ಕೂಸಿನ ಕೈಯಲ್ಲಿದ್ದ ಬಿಸ್ಕತ್ತನ್ನು ಬಿಡಿಸಿಕೊಂಡು ಬಾಯಿಗೆ ಹಾಕಿಕೊಂಡಿದ್ದಳು. ನಾನು ಎದ್ದು ನಿಂತೆ. ಆ ತಾಯಿ ನಕ್ಕುಬಿಟ್ಟಳು. “ಕೂಡ್ರಿ ಯಪ್ಪಾ, ತಿನ್ಲಿ ಬಿಡ್ರಿ. ಈಕಿನ್ನ ನೋಡಿಯಾದ್ರೂ ನನ್ನ ಕೂಸಿಗಿ ಬುದ್ಧಿ ಬರ್ಲಿ.” ಅಲ್ಲಿ ಕುಳಿತವರಲ್ಲಿ ನಮ್ಮನ್ನು ಬೈಯುವ ಹಕ್ಕಿದ್ದವಳು ಅವಳೊಬ್ಬಳೇ. ಅವಳು ಅದನ್ನು ಬಳಸಲಿಲ್ಲ.

ಡಾಕ್ಟರು ವಯಸ್ಸಾದವರು. ನೀಲಿಯ ಹೊಟ್ಟೆಯನ್ನು ಅವರು ಮೊದಲು ನೋಡಲಿಲ್ಲ. ಕೈ ಹಿಡಿದು ಬೆರಳು ನೋಡಿದರು, ಕಣ್ಣಿನ ಆಕಾರ ನೋಡಿದರು, ನಮ್ಮಿಬ್ಬರದಕ್ಕಿಂತ ಕೆಂಚಗಿದ್ದ ಅವಳ ಕೂದಲು ನೋಡಿದರು. ಆಮೇಲೆ ಕೇಳಿದರು:

“ಹುಟ್ಟಿದಾಗ ಹಾಲು ಕುಡೀತಿತ್ತೇನು?”

ನಾನೂ ಗಿರಿಜಾಳೂ ಮುಖ ನೋಡಿಕೊಂಡೆವು. ನಮ್ಮ ಪ್ರಕಾರ ಅದು ಬೇರೆಯೇ ರೋಗ, ಹರಕೆಯಿಂದ ಎಂದೋ ವಾಸಿಯಾಗಿ ಹೋದದ್ದು. ಅದನ್ನೇ ಹೇಳಿದೆ.

“ವಾಸಿಯಾಗಿಲ್ಲರೀ. ಅದೂ ಇದೂ ಒಂದೇ. ಮೊದಲ ಹಸಿವಿರಂಗಿಲ್ಲ, ಆಮ್ಯಾಲ ಹೋಗಂಗಿಲ್ಲ. ಪುಸ್ತಕದಾಗ ಓದೀನಿ, ಕಣ್ಣಾರೆ ನೋಡಿದ್ದು ಇದೇ ಮೊದಲು.” ನಮ್ಮ ಮೈಯ ಕಣಕಣದಲ್ಲೂ ದಾರದ ಎಳೆಗಳಂತೆ ವರ್ಣತಂತುಗಳಿರುತ್ತವೆ, ಅವುಗಳಲ್ಲೊಂದರ ಒಂದು ಚೂರು ಇವಳಲ್ಲಿ ಹುಟ್ಟಾ ಕಳೆದುಹೋಗಿರಬೇಕು ಎಂದರು. “ಹೊಟ್ಟಿ ತುಂಬೇದ ಅಂತ ತಲಿಗಿ ಹೇಳಾವ ಒಬ್ಬ ಇರ್ತಾನಲ್ಲ, ಅಂವ ಈಕಿ ಹತ್ರ ಇಲ್ಲ.”

“ಇದಕ್ಕ ಔಷಧ ಏನ್ರಿ?”

“ಬೀಗ.”

“ಏನಂದ್ರಿ?” ಎಂದೆ.

“ಅಡಿಗಿ ಮನಿಗಿ ಹಾಕೋ ಬೀಗರೀ. ಅದೊಂದೇ ಔಷಧ. ಅಳತಿ ಮಾಡಿ ಕೊಡ್ರಿ, ಅದಕ್ಕ ಮ್ಯಾಲ ಒಂದು ಕಾಳು ಕೊಡಬ್ಯಾಡ್ರಿ, ಬ್ಯಾರೆಯವ್ರನ್ನೂ ಕೊಡಾಕ ಬಿಡಬ್ಯಾಡ್ರಿ. ಹಿಂಗೇ ಬಿಟ್ರ ಆಕಿ ಉಸಿರು ತಡಿಯಂಗಿಲ್ಲ. ದೊಡ್ಡಾಕಿ ಆಗೋದು ನೋಡಾಂಗಿಲ್ಲ ನೀವು.”

ಗಿರಿಜಾ ಸೆರಗಿನಿಂದ ನೀಲಿಯ ತುಟಿಯ ಮೇಲಿನ ಬಿಸ್ಕತ್ತಿನ ಪುಡಿ ಒರೆಸುತ್ತಿದ್ದಳು. ಒರೆಸಿದ ಮೇಲೂ ಒರೆಸುತ್ತಿದ್ದಳು.

ಡಾಕ್ಟರು ತಾವೇ ಹೈದರಾಬಾದಿಗೆ ಹೋಗುವವರಿದ್ದರು, ನೀಲಿಯ ರಕ್ತ ತೆಗೆದುಕೊಂಡು ಹೋದರು. ತಿಂಗಳುಗಟ್ಟಲೆ ಕಾದ ಮೇಲೆ ಉತ್ತರ ಬಂತು. ಹೌದು, ಚೂರು ಇಲ್ಲ. ನಾನು ಸರ್ಕಾರಿ ನೌಕರ. ಇಲ್ಲದ್ದನ್ನು ಇಲ್ಲವೆಂದು ದೃಢೀಕರಿಸಲು ಅಷ್ಟು ಕಾಲ ಹಿಡಿದದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ.

ಬೀಗವನ್ನು ಮಾತ್ರ ರಾಯಚೂರಿನಿಂದ ಬರುವಾಗಲೇ ತಂದಿದ್ದೆವು. ಅಂಗಡಿಯವ, “ತಿಜೋರಿಗ್ಯಾ?” ಎಂದು ಕೇಳಿದ. “ಹೂಂ” ಎಂದೆ. ನೀಲಿ ಆ ಬೀಗದ ಮುಂದೆ ಕುಳಿತು ಬಹಳ ಹೊತ್ತು ಅದನ್ನು ನೋಡಿದಳು.

“ಅಪ್ಪಾ, ಬೀಗ ಯಾರಿಗಿ ಹಾಕೀರಿ?”

“ಇಲಿಗಿ, ಮಗಳೇ.”

“ಇಲಿ ಚಿಲಕಾ ತಗಿತದೇನು?”

“ಇಲ್ಲ.”

“ಮತ್ತ ಚಿಲಕಾ ಹಾಕಿದ್ರ ಸಾಕಲ್ಲ.”

ಶಾಲೆಯವರು ದಡ್ಡಿ ಎಂದು ವಾಪಸು ಕಳಿಸಿದ ಮಗು ಅದು.

ಅವಳ ಪಾಲಿನದನ್ನು ಗಿರಿಜಾ ಅಳೆದು ಬಡಿಸುವಳು. ಅದು ಗಳಿಗೆಯಲ್ಲಿ ಮುಗಿಯುತ್ತಿತ್ತು. ಆಮೇಲೆ ನೀಲಿ ತಾಟನ್ನು ನೆಕ್ಕಿ, ನೆಲವನ್ನು ನೋಡಿ, ನಮ್ಮ ಬಾಯಿಗಳನ್ನು ನೋಡುವಳು. ನಾವು ಅವಳ ಕಣ್ಣು ತಪ್ಪಿಸಿ, ಹಿತ್ತಿಲ ಬಚ್ಚಲಮನೆಯಲ್ಲಿ ನಿಂತು ಕಳ್ಳರಂತೆ ಉಣ್ಣತೊಡಗಿದೆವು. ಬಚ್ಚಲಲ್ಲಿ ಜೋಳದ ರೊಟ್ಟಿ ತಿಂದು ಕಚೇರಿಗೆ ಹೋಗಿ ಪಹಣಿ ತಿದ್ದುವ ಗುಮಾಸ್ತನಿಗೆ ಬದುಕಿನ ಘನತೆಯ ಬಗ್ಗೆ ಉಪನ್ಯಾಸ ಕೊಡುವ ಧೈರ್ಯ ಇಂದಿಗೂ ಇಲ್ಲ.

ಸುದ್ದಿ ತಿಳಿದು ಅತ್ತೆ ಮಸರಕಲ್ಲಿನಿಂದ ಓಡಿ ಬಂದರು. ಬೀಗ ಕಂಡವರೇ ಸೆರಗು ಬಾಯಿಗೆ ಒತ್ತಿಕೊಂಡರು.

“ಯವ್ವಾ ಗಿರಿಜಾ, ಹೆತ್ತ ಮಗಳ ಹೊಟ್ಟಿಗಿ ಬೀಗ ಹಾಕಿದೇನಬೇ?”

“ಡಾಕ್ಟ್ರು ಹೇಳ್ಯಾರ.”

“ಡಾಕ್ಟ್ರಗ ಏನ್ ಗೊತ್ತು? ಹಾಲು ಕುಡಿಲಾರದಾಗ ಯಾವ ಡಾಕ್ಟ್ರು ಬಂದಿದ್ದ? ನನ್ನಪ್ಪ ಉಣ್ಣಾಕ ಕೊಟ್ಟಾನ, ನೀವು ಕಸಗೊಳ್ಳಾಕತ್ತೀರಿ!”

ಬೀಗವಿದ್ದದ್ದು ನಮ್ಮ ಮನೆಗೆ, ಊರಿಗಲ್ಲ. ನೀಲಿಗೆ ನಮ್ಮ ಓಣಿಯ ಪ್ರತಿ ಬಾಗಿಲೂ ಗೊತ್ತು, ಯಾರ ಮನೆಯಲ್ಲಿ ಯಾವಾಗ ಒಲೆ ಹೊತ್ತುತ್ತದೆಂಬುದೂ ಗೊತ್ತು. “ಅಪ್ಪಾ, ಇವತ್ತ ಖಾಲಾನ ಮನ್ಯಾಗ ಶೀರ ಮಾಡ್ಯಾರ” ಎಂದು ಬೆಳಗಿನ ವರದಿ ಒಪ್ಪಿಸಿ, ನಾವು ತಿರುಗುವುದರೊಳಗೆ ಮಾಯವಾಗುವಳು. ಖಾಜಾಬೀ ಅವಳಿಗೆ ಖಾಲಾ, ಚಿಕ್ಕಮ್ಮ. ನಾನು ಖಾಜಾಬೀಗೆ ಕೈಮುಗಿದು ಕೇಳಿಕೊಂಡೆ.

“ಹಸಿದ ಕೂಸಿಗಿ ಇಲ್ಲ ಅನ್ನು ಅಂತೀರೇನು ಭಾಯಿ? ಅದು ಹರಾಮ್ ಆಗ್ತದ. ನಿಮಗ ಕಷ್ಟ ಇದ್ರ ಹೇಳ್ರಿ, ಅಕ್ಕಿ ಕಳಸ್ತೀನಿ.”

ಕಂದಾಯ ಇಲಾಖೆಯವನಾಗಿ ನನಗೆ ಉಳಿದದ್ದು ಒಂದೇ ದಾರಿ. ಡಂಗುರ ಹೊಡೆಸಿದೆ. “ಕೇಳ್ರಪ್ಪೋ ಕೇಳ್ರಿ! ತಾಲೂಕು ಕಚೇರಿ ಗುಮಾಸ್ತ್ರ ಮಗಳಿಗಿ ಯಾರೂ ತಿನ್ನಾಕ ಕೊಡಬಾರದ್ರಪ್ಪೋ!” ಹಲಗೆಯ ಸದ್ದು ಓಣಿ ಓಣಿ ತಿರುಗಿತು. ಅಲ್ಲಿಯವರೆಗೆ ನೀಲಿಯನ್ನು ಅರಿಯದ ಅರ್ಧ ಊರಿಗೂ ಅಂದು ಅವಳ ಪರಿಚಯವಾಯಿತು. ಸಂಜೆಯೊಳಗೆ ಹೆಂಗಸರು ಸೆರಗಿನಲ್ಲಿ ಮುಚ್ಚಿಕೊಂಡು ಬೆಲ್ಲ, ಹೋಳಿಗೆ, ಬಾಳೆಹಣ್ಣು ತಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು. ತಹಶೀಲ್ದಾರರು ಕರೆಸಿ, “ಏನ್ರೀ, ನಿಮ್ಮ ಮಗಳ ಊಟಾನೂ ಸರ್ಕಾರದ ಸುಪರ್ದಿಗಿ ತಗೊಳ್ಳಬೇಕೇನು?” ಎಂದು ಕೇಳಿದರು. ಸರ್ಕಾರ ತೆಗೆದುಕೊಳ್ಳುವುದಾದರೆ ಕೊಡಲು ನಾನು ಸಿದ್ಧನಿದ್ದೆ.

ಮುಂದೆ ಖಾಜಾಬೀಯ ಮನೆಯಲ್ಲಿ ಮದುವೆ ಬಂತು. ನೀಲಿ ಹಂದರದ ಹಿಂದೆ ಇಳಿಸಿಟ್ಟ ಅನ್ನದ ದೊಡ್ಡ ದೇಗಿನ ಬಳಿ ಒಬ್ಬಳೇ ಕುಳಿತು ತಿಂದಿದ್ದಳು, ಎಷ್ಟೆಂದು ಯಾರಿಗೂ ತಿಳಿಯದು. ಅವಳಿಗೆ ವಾಂತಿಯಾಗುವುದಿಲ್ಲ, ನೋವೂ ಬೇಗ ತಿಳಿಯುವುದಿಲ್ಲ. ನಮಗೆ ಸಿಕ್ಕಾಗ ಹೊಟ್ಟೆ ನಗಾರಿಯಂತೆ ಬಿಗಿದಿತ್ತು, ಮುಖ ನೀಲಿಗಟ್ಟಿತ್ತು. ಅಕ್ಕಿ ಲಾರಿಯ ಮುಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿಕೊಂಡು ರಾಯಚೂರಿಗೆ ಹೋದೆವು. ಖಾಜಾಬೀ ಮದುವೆ ಬಿಟ್ಟು ಜೊತೆಗೆ ಹತ್ತಿದರು.

ಒಳಗೆ ಮೂಗಿನಿಂದ ಕೊಳವೆ ಇಳಿಸುತ್ತಿದ್ದರು. ಹೊರಗೆ ಪಡಸಾಲೆಯಲ್ಲಿ ಗಿರಿಜಾ ನಿಂತೇ ಇದ್ದಳು. ಡಾಕ್ಟರು ತಮ್ಮ ಕುರ್ಚಿಯನ್ನೇ ಹೊರಗೆ ಕಳಿಸಿಕೊಟ್ಟರು. ಯಾರೂ ಅದರ ಮೇಲೆ ಕೂರಲಿಲ್ಲ, ಆದರೆ ಆ ಕುರ್ಚಿ ಅಲ್ಲಿದ್ದದ್ದು ನನಗೆ ನೆನಪಿದೆ. ಖಾಜಾಬೀ ಗೋಡೆಗೆ ಆತು ಹೇಳಿದರು:

“ನಾ ಕೊಡ್ಲಿಲ್ಲ ಭಾಯಿ, ಖುದಾ ಕಸಂ. ಹಂದರದ ಹಿಂದ ನೋಡಿದೆ. ಮದುವಿ ದಿನ ಕೂಸು ಉಣ್ಲಿ ಅಂತ ಸುಮ್ನಾದೆ.”

ಡಾಕ್ಟರು ಹೊರಗೆ ಬಂದು, “ಉಳದಾಳ” ಎಂದರು. “ಇನ್ನೊಮ್ಮಿ ಹಿಂಗಾದ್ರ ಹೊಟ್ಟಿ ಒಡಿತದ. ಅವಾಗ ನನ್ನ ಕೈಯಾಗ ಏನೂ ಇಲ್ಲ.”

ಇದಾಗಿ ಸ್ವಲ್ಪ ದಿನಕ್ಕೆ ಐದನೆಯ ಮೊಹರಮ್ ಬಂತು. ಹರಕೆಯ ಕೊನೆಯ ವರ್ಷ. ಅತ್ತೆ ಲಾಡಿ, ಜೋಳಿಗೆ ಹಿಡಿದುಕೊಂಡೇ ಬಸ್ಸಿನಿಂದ ಇಳಿದರು.

“ಹರಕಿ ಬಾಕಿ ಇಟ್ರ ಕೊಟ್ಟಾವ ಕಸಗೊಂತಾನ, ಗಿರಿಜಾ. ಕೂಸು ಈಗ ಸಾವಿನ ಬಾಗಲಾ ನೋಡಿ ಬಂದದ.”

ನಾನು ಆಗುವುದಿಲ್ಲ ಎಂದೆ. ಗಿರಿಜಾ ನನ್ನನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಲಾಡಿ ತೆಗೆದುಕೊಂಡು ನೀಲಿಯ ಕೊರಳಿಗೆ ಹಾಕಿದಳು. “ನಡಿಬೇ ಯವ್ವಾ. ಹರಕಿ ತೀರಸೂಣು. ಏನು ಬೇಡಬೇಕು ಅನ್ನೋದು ನಾ ಹೇಳ್ತೀನಿ.”

ನಾನೂ ಹಿಂದೆ ಹೋದೆ. ಮೊದಲ ಬಾಗಿಲು ಖಾಜಾಬೀಯದು. ನೀಲಿ ಕಲಿತ ಪಾಠದಂತೆ ಜೋಳಿಗೆ ಅಗಲಿಸಿ, ಕಣ್ಣೆತ್ತಿದಳು. ಖಾಜಾಬೀ ಸಕ್ಕರೆಯ ತಟ್ಟೆ ಹಿಡಿದು ಬಂದು, ಅಲ್ಲೇ ನಿಂತರು.

“ಸಕ್ಕರಿ ಬ್ಯಾಡ್ರಿ ಆಪಾ” ಎಂದಳು ಗಿರಿಜಾ. “ನನ್ನ ಮಗಳಿಗಿ ಇನ್ನ ಮ್ಯಾಲ ಏನೂ ಕೊಡಾಂಗಿಲ್ಲ ಅಂತ ಒಂದು ಮಾತು ಹಾಕ್ರಿ. ಅದೇ ಭಿಕ್ಷೆ. ಜೋಳಿಗ್ಯಾಗ ಬಿದ್ದದ್ದು ವಾಪಸ್ ತಗಿಯಂಗಿಲ್ಲ, ನಿಮಗ ಗೊತ್ತದ.”

ಖಾಜಾಬೀ ತಟ್ಟೆ ಕೆಳಗಿಟ್ಟರು. ಬರಿಗೈ ಮುಷ್ಟಿ ಮಾಡಿ, ಜೋಳಿಗೆಯೊಳಗೆ ಇಳಿಸಿ, ಬಿಚ್ಚಿ, ಹೊರಗೆ ತೆಗೆದರು. “ಹಾಕಿದೆ” ಎಂದವರೇ ಒಳಗೆ ಹೋಗಿಬಿಟ್ಟರು.

ನೀಲಿ ಜೋಳಿಗೆಯಲ್ಲಿ ಇಣುಕಿದಳು. “ಯವ್ವಾ, ಖಾಲಾ ಹಾಕೋದು ಮರತ್ಲು.”

“ಹಾಕ್ಯಾಳ, ನಡಿ.”

ಮುಂದಿನ ಮನೆ. ಅದರ ಮುಂದಿನದು. ಕೆಲವರು ವಾದ ಮಾಡಿದರು. ಒಬ್ಬ ಗಂಡಸು ನನ್ನನ್ನು ನೋಡಿ, “ಡಂಗುರ ಸಾಲಲಿಲ್ಲೇನ್ರಿ ಗುಮಾಸ್ತ್ರೇ?” ಎಂದ. ಆದರೆ ಮೊಹರಮ್ಮಿನ ಫಕೀರ ಬಾಗಿಲಿಗೆ ಬಂದು ಕೇಳಿದ್ದನ್ನು ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಒಂದೊಂದೇ ಬರಿಗೈ ಒಳಗೆ ಹೋಗಿ ಬಂತು. ಪ್ರತಿ ಸಲವೂ ನೀಲಿ ಇಣುಕಿ, “ಖಾಲಿ ಅದ ಯವ್ವಾ” ಎನ್ನುವಳು. ಅವಳ ದನಿ ಮನೆಯಿಂದ ಮನೆಗೆ ಸಣ್ಣದಾಗುತ್ತ ಹೋಯಿತು. ಓಣಿಯ ಕೊನೆಯಲ್ಲಿ ಒಬ್ಬ ಮುದುಕಿಯ ಬಾಗಿಲಲ್ಲಿ ಅವಳು ನೆಲಕ್ಕೆ ಕುಳಿತೇಬಿಟ್ಟಳು. ಜೋಳಿಗೆಯನ್ನು ತಿರುವಿ, ಕೊಡವಿ, ಒಳಮೈಯನ್ನು ನಾಲಿಗೆಯಿಂದ ನೆಕ್ಕಿದಳು. ಆಮೇಲೆ ಕೂಗಿದಳು. ಹುಟ್ಟಿದಾಗ ಅಳದ ಕೂಸಿನ ಆ ಕೂಗಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು.

ಮುದುಕಿ ತಡೆಯಲಾರದೆ ಅಳುತ್ತ ಒಳಗಿನಿಂದ ಚೊಂಗೆ ತಂದಳು. “ಒಂದೇ ಒಂದು, ಯವ್ವಾ. ಒಂದಕ್ಕ ಏನಾಗ್ತದ?” ಗಿರಿಜಾ ಬೇಡ ಎನ್ನಲಿಲ್ಲ. ಎನ್ನುವ ಶಕ್ತಿ ಮುಗಿದಿತ್ತೆಂದು ನನಗೆ ಕಂಡಿತು. ನನ್ನದಂತೂ ಮೊದಲ ಬಾಗಿಲಲ್ಲೇ ಮುಗಿದಿತ್ತು.

ಅತ್ತೆ ನಡುವೆ ಬಂದರು. ಮುದುಕಿಯ ಚಾಚಿದ ಕೈಯನ್ನು ತಮ್ಮೆರಡೂ ಕೈಯಿಂದ ಹಿಡಿದರು.

“ಒಳಗ ಇಡಬೇ ತಂಗಿ. ಉಣ್ಣಾಕ ಬೇಡಿದಾಕಿ ನಾನು. ಬ್ಯಾಡ ಅಂತ ಬೇಡಾಕೂ ನಾನೇ ಬಂದೀನಿ. ಬರೇ ಕೈ ಹಾಕು.”

ಮುದುಕಿ ಬರಿಗೈ ಹಾಕಿದಳು. ಅದಾದ ಮೇಲೆ ಅತ್ತೆ ತಾವೂ ಬಗ್ಗಿ, ಮೊಮ್ಮಗಳ ಜೋಳಿಗೆಯಲ್ಲಿ ತಮ್ಮ ಕೈಯನ್ನು ಇಳಿಸಿದರು. ನೀಲಿ ಆ ಕೈಯನ್ನು ಹಿಡಿದುಕೊಂಡು, ಬೆರಳು ಒಂದೊಂದಾಗಿ ಬಿಡಿಸಿ ನೋಡಿದಳು.

ಊರು ಮಾತು ಉಳಿಸಿಕೊಂಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಹುಮಟ್ಟಿಗೆ ಉಳಿಸಿಕೊಂಡಿತು. ಹಬ್ಬಗಳಲ್ಲಿ ಜಾರಿತು, ಹೊಸ ಬಾಡಿಗೆಯವರು ಬಂದಾಗ ಜಾರಿತು. ಅವರಿಗೆ ಖಾಜಾಬೀಯೇ ಹೋಗಿ ಹೇಳಿ ಬರುತ್ತಿದ್ದರು. ನೀಲಿ ಖಾಜಾಬೀಯೊಂದಿಗೆ ಮಾತು ಬಿಟ್ಟಳು, ನಮ್ಮೊಂದಿಗೂ ಆಗಾಗ ಬಿಡುತ್ತಾಳೆ. ರಾಯಚೂರಿನ ಡಾಕ್ಟರು ವರ್ಷಕ್ಕೆರಡು ಸಲ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳನ್ನು ನೋಡಿ, ಸರಿ ಎಂಬಂತೆ ಗಿರಿಜಾಳ ಕಡೆ ತಲೆಯಾಡಿಸುತ್ತಾರೆ. ಬೀಗ ಸವೆದು ಎರಡನೆಯದು ಬಂದಿದೆ. ಬಾವಿಕಟ್ಟೆಯವರೆಗೆ ನಡೆದರೆ ಈಗ ತುಟಿ ಕಪ್ಪಾಗುವುದಿಲ್ಲ. ನೀಲಿಗೆ ಈಗ ಹದಿಮೂರು ವರ್ಷ, ಬದುಕಿದ್ದಾಳೆ, ಹಸಿದಿದ್ದಾಳೆ.